ಮಗುವಿಗೊಂದು ಅಟ್ಟದ ಮಂಚ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಹಿರಿಯರ ಮಾತು. ಊರು ಬಿಟ್ಟು ಬಂದು ಶೋಳಿಂಗನಲ್ಲೂರಿನ ಫ್ಲ್ಯಾಟುಗಳಲ್ಲಿ ಸಂಸಾರ ಹೂಡಿರುವ ನಾವು ಅದನ್ನು ಕೊಂಚ ತಿದ್ದಿ, ‘ಕೋಣೆ ಇದ್ದಷ್ಟು ಹಾಸಿಗೆ ಹಾಸು’ ಎನ್ನಬೇಕಾಗಿದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ. ಅದರಲ್ಲಿ ಮಂಚ, ಓದುವ ಮೇಜು, ಬಟ್ಟೆಯ ಬೀರು ಇಷ್ಟನ್ನೂ ಇಟ್ಟ ಮೇಲೆ ಮಗುವಿಗೆ ಆಡಲು ಉಳಿಯುವುದು ಬಾಗಿಲ ಸಂದಿ ಮಾತ್ರ! ಮೇಲೆ ಮಲಗಿ ಕೆಳಗೆ ಓದಿಕೊಳ್ಳುವಂಥ ಮರದ ಅಟ್ಟದ ಮಂಚದ ಮೇಲೆ ತಾಯಿತಂದೆಯರ ಕಣ್ಣು ಬೀಳುವುದು ಆದುದರಿಂದಲೇ.

ನಮ್ಮ ಎಂಟು ವರ್ಷದ ಮಗಳು ಗೆಳತಿಯ ಮನೆಯಲ್ಲಿ ಇಂಥದೊಂದನ್ನು ನೋಡಿ ಬಂದವಳು ಒಂದೇ ಹಟ ಹಿಡಿದಳು. ನಮ್ಮತ್ತೆಯವರೂ ಮೊಮ್ಮಗಳ ಪಕ್ಷವೇ. “ನಮ್ಮ ತೀರ್ಥಹಳ್ಳಿ ಕಡೆ ಅಟ್ಟವಿಲ್ಲದ ಮನೆಯುಂಟೇನೆ? ಮಕ್ಕಳೆಲ್ಲ ಅಟ್ಟದ ಮೇಲೇ ಬೆಳೆದದ್ದು” ಎಂದರು. ಯಜಮಾನರು ಅಂಗಡಿಗೆ ಹೋಗಿ ತೇಗದ ಮಂಚವೊಂದನ್ನು ಮೆಚ್ಚಿ ಬಂದರು. ಅಂಗಡಿಯವರು ಕೋಣೆಯ ಉದ್ದ ಕೇಳಿದರು, ಅಗಲ ಕೇಳಿದರು. ಎತ್ತರವನ್ನು ಮಾತ್ರ ಕೇಳಲಿಲ್ಲ. ಕೇಳಬೇಕೆಂದು ನಮಗೂ ಹೊಳೆಯಲಿಲ್ಲ.

ಮುಂಗಡ ಕೊಡುವ ಮುನ್ನ, ಕಪಾಟು ಸರಿಮಾಡಲು ಬಂದಿದ್ದ ಬಡಗಿಯನ್ನು ಒಂದು ಮಾತು ಕೇಳಿದೆವು. ಆತ ಏನೂ ಹೇಳದೆ ಎರಡು ಸ್ಟೂಲು ಏಣಿಗಳ ನಡುವೆ 5 ಅಡಿ ಎತ್ತರದಲ್ಲಿ ಹಲಗೆ ಹಾಕಿ, ಫ್ಯಾನು ಆರಿಸಿ, “ಪಾಪುವನ್ನು ಹತ್ತಿಸಿ” ಎಂದ. ಯಜಮಾನರು ಹಿಡಿದುಕೊಂಡೇ ಇದ್ದರು. ಮಗಳು ಹಲಗೆಯ ಮೇಲೆ ಮಂಡಿಯೂರಿ ಸಂತೋಷದಿಂದ ಕೈಯೆತ್ತಿದಳು. ಆ ಪುಟ್ಟ ಬೆರಳು ಫ್ಯಾನಿನ ರೆಕ್ಕೆಗೆ ತಾಗಿತು. ನನ್ನ ಎದೆ ಧಸಕ್ಕೆಂದಿತು.

ಲೆಕ್ಕ ಬಹಳ ಸುಲಭ. ತಾರಸಿ ಒಂಬತ್ತೂವರೆ ಅಡಿ. ರೆಕ್ಕೆ ಅದಕ್ಕಿಂತ ಒಂದಡಿ ಕೆಳಗೆ. ಮಂಚದ ಹಲಗೆ 5 ಅಡಿ, ಅದರ ಮೇಲೆ 4 ಅಂಗುಲದ ಹಾಸಿಗೆ, ಮಂಡಿಯೂರಿದ ಮಗು 3 ಅಡಿ. ತಲೆಗೂ ರೆಕ್ಕೆಗೂ ಉಳಿಯುವುದು ಎರಡೇ ಅಂಗುಲ! ಇನ್ನು 48 ಅಂಗುಲದ ಫ್ಯಾನು ಕೋಣೆಯ ನಡುವೆ ತಿರುಗುವಾಗ ಅದರ ರೆಕ್ಕೆಯ ತುದಿ ಗೋಡೆಯಿಂದ ಮೂರಡಿಯವರೆಗೆ ಬರುತ್ತದೆ. ಮಂಚದ ಅಗಲವೂ ಸರಿಯಾಗಿ ಮೂರಡಿಯೇ. ಶೀತದೇಶಗಳ ಚಿತ್ರಗಳಲ್ಲಿ ಈ ಮಂಚಗಳು ಚೆನ್ನಾಗಿ ಕಾಣುತ್ತವೆ. ಅಲ್ಲಿನ ಕೋಣೆಗಳ ತಾರಸಿಯಲ್ಲಿ ಫ್ಯಾನು ತೂಗಾಡುವುದು ಅಪರೂಪ. ಚೆನ್ನೈಯಲ್ಲಿ ಫ್ಯಾನಿಲ್ಲದೆ ನಿದ್ದೆಯುಂಟೆ?

ಆದುದರಿಂದ ವಾಚಕರು ಮರವನ್ನು ಆರಿಸುವುದಕ್ಕೆ ಮೊದಲು ಎತ್ತರವನ್ನು ಅಳೆಯತಕ್ಕದ್ದು. ಲೆಕ್ಕ ಕೂಡದಿದ್ದರೆ ಅಟ್ಟದ ಮಂಚದ ಆಸೆಯನ್ನೇ ಬಿಡುವುದು ಮೇಲು. ನಾವು ಮನೆಯ ಮಾಲೀಕರನ್ನು ಕೇಳಿ, ತಾರಸಿಯ ಫ್ಯಾನನ್ನು ಇಳಿಸಿ, ಎದುರು ಗೋಡೆಗೆ ಕೈಗೆಟುಕದಂತೆ ಜಾಲರಿಯ ಫ್ಯಾನು ಹಾಕಿಸಿದೆವು. ಮಂಚವನ್ನೂ ನಾಲ್ಕಡಿಗೆ ಇಳಿಸಿ, ಕಿಟಕಿಯಿಂದ ದೂರದ ಮೂಲೆಗೆ ಸೇರಿಸಿ ಗೋಡೆಗೆ ಬಿಗಿಸಿದೆವು.

ಇನ್ನು ಕಟಕಟೆಯ ವಿಷಯ. ಅಮೆರಿಕದ ಸರಕಾರಿ ನಿಯಮದಂತೆ ಕಟಕಟೆಯು ಹಾಸಿಗೆಯ ಮೇಲ್ಮೈಗಿಂತ ಕನಿಷ್ಠ 5 ಅಂಗುಲ ಎತ್ತರವಿರಬೇಕು. ಪಟ್ಟಿಗಳ ನಡುವಣ ಸಂದು ಮೂರೂವರೆ ಅಂಗುಲವನ್ನು ಮೀರಬಾರದು. 6 ವರ್ಷ ತುಂಬದ ಮಗುವನ್ನು ಮೇಲೆ ಮಲಗಿಸಬಾರದೆಂಬ ಎಚ್ಚರಿಕೆಯನ್ನು ಮಂಚದ ಮೇಲೇ ಬರೆದಿರಬೇಕು. ಮೆತ್ತಗಿರಲೆಂದು ದಪ್ಪ ಹಾಸಿಗೆ ಹಾಕಿದರೆ ಕಟಕಟೆ ಇದ್ದೂ ಇಲ್ಲದಂತಾಗುತ್ತದೆ. ಕಟಕಟೆಗೆ ಹಗ್ಗ, ಸೀರೆ, ದುಪಟ್ಟಾ ಕಟ್ಟಿ ಆಡಲು ಎಂದಿಗೂ ಬಿಡಬೇಡಿ, ಕೊರಳಿಗೆ ಸುತ್ತಿಕೊಂಡೀತು.

ಏಣಿ ನೇರವಾಗಿ ನಿಂತಿರದೆ ಓರೆಯಾಗಿರಲಿ, ಮೆಟ್ಟಿಲು ಅಗಲವಾಗಿರಲಿ, ಏಣಿ ಮಂಚಕ್ಕೆ ಭದ್ರವಾಗಿ ಬಿಗಿದಿರಲಿ. ‘ಅಟ್ಟ ಹತ್ತಿಸಿ ಏಣಿ ತೆಗೆದ ಹಾಗೆ’ ಆಗಬಾರದಷ್ಟೆ! ನಿದ್ದೆಗಣ್ಣಿನಲ್ಲಿ ಇಳಿಯುವ ಮಗುವಿಗೆ ಸಣ್ಣದೊಂದು ರಾತ್ರಿದೀಪವೂ ಬೇಕು.

ಮರದ ಮಾತಿಗೆ ಬರೋಣ. ತೇಗ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಗೆದ್ದಲಿಗೂ ತೇವಕ್ಕೂ ಸುಲಭವಾಗಿ ಬಗ್ಗದು. ಆದರೆ ಬೆಲೆ ಕೇಳಿದರೆ ನಿದ್ದೆಯೇ ಹಾರಿಹೋದೀತು. ರಬ್ಬರ್ ಮರ ಅಗ್ಗ, ನೋಡಲೂ ಅಂದ. ಔಷಧ ಕೊಟ್ಟು ಒಣಗಿಸಿರದಿದ್ದರೆ ಹುಳು ಹಿಡಿಯುತ್ತದೆ. ನಮ್ಮ ಬಡಾವಣೆಯ ಒಂದು ಮಗ್ಗುಲಿಗೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಸಮುದ್ರ. ಇನ್ನೊಂದು ಮಗ್ಗುಲಿಗೆ ಪಳ್ಳಿಕರಣೆಯ ಜವುಗು. ಈ ಉಪ್ಪುಗಾಳಿಯಲ್ಲಿ ಬರಿಯ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟುಗಳನ್ನೇ ಕೇಳಿ. ನಾವು ತೇಗದ ಆಸೆ ಬಿಟ್ಟು, ಔಷಧ ಕೊಟ್ಟ ರಬ್ಬರ್ ಮರದ ಚೌಕಟ್ಟಿಗೆ ಹಲಗೆಯಾಗಿ ಐಎಸ್ 710 ಗುರುತಿನ ಪ್ಲೈವುಡ್ ಹಾಕಿಸಿದೆವು. ಐಪ್ಪಸಿ, ಕಾರ್ತಿಕೈ ತಿಂಗಳ ಮಳೆಯಲ್ಲಿ ಮರ ಉಬ್ಬಿ, ಬೇಸಗೆಯಲ್ಲಿ ಕುಗ್ಗುವುದರಿಂದ ಬೋಲ್ಟು ಸಡಿಲವಾಗುವುದುಂಟು. ಪೊಂಗಲಿಗೊಮ್ಮೆ, ಆಯುಧಪೂಜೆಗೊಮ್ಮೆ ಬಿಗಿ ಮಾಡಿ.

ಬೋಲ್ಟಿನಿಂದ ಇನ್ನೊಂದು ಅನುಕೂಲ. ಮಂಚವನ್ನು ಪೂರ್ತಿ ಬಿಚ್ಚಬಹುದು. ಇಂದು ಶೋಳಿಂಗನಲ್ಲೂರು, ನಾಳೆ ಯಾವ ಊರೋ! ಲಿಫ್ಟಿನಲ್ಲಿ ಹಿಡಿಸದ ಮಂಚ ವರ್ಗವಾಗುವವರಿಗೆ ಹೊರೆಯೇ ಸರಿ.

ಮಂಚ ನಾಲ್ಕಡಿಗೆ ಇಳಿದುದರಿಂದ ಕೆಳಗೆ ಮೇಜು ಕುರ್ಚಿ ಹಿಡಿಸಲಿಲ್ಲ. ಮಗಳು ಮುಖ ಸಣ್ಣದು ಮಾಡಿಕೊಂಡಳು. ಆಗ ನಮ್ಮತ್ತೆ ಊರಿನಿಂದ ತಮ್ಮ ಮಾವನವರ ಕಾಲದ ಇಳಿಜಾರು ಡೆಸ್ಕನ್ನು ತರಿಸಿದರು, ಶಾನುಭೋಗರು ನೆಲದ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದಂಥದು. ಚಾಪೆ ಹಾಸಿ ಅದನ್ನಿಟ್ಟರೆ ಅಳತೆ ಮಾಡಿಸಿದಂತೆ ಕೂತಿತು! ಸಂಜೆ ಮಗಳು ಅಲ್ಲಿ ಕನ್ನಡ ಕಾಪಿ ಬರೆಯುತ್ತಾಳೆ. ರಾತ್ರಿ ಅವಳು ಮೇಲೆ ಮಲಗಿರುತ್ತಾಳೆ, ಅಜ್ಜಿ ಕೆಳಗೆ ಚಾಪೆಯ ಮೇಲೆ ಕುಳಿತು ಕಥೆ ಹೇಳುತ್ತಾರೆ. ಜ್ವರ ಬಂದ ದಿನ ಮಾತ್ರ ಹಾಸಿಗೆ ನೆಲಕ್ಕೇ, ಅಜ್ಜಿಯ ಪಕ್ಕಕ್ಕೇ.