ನೋಡಲು ಬಂದವರು ಮತ್ತೆ ಉಣ್ಣಲು ಬರಲಿಲ್ಲ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಭಾವನವರು ಫೋನ್ ಮಾಡಿದರು. ಕುಶಲ ಪ್ರಶ್ನೆಗಳು ಬೇಗನೆ ಮುಗಿದವು. ಮಗನಿಗೆ ಅಮೆರಿಕದಲ್ಲಿ ನೆಲೆಸುವ ಆಸೆ. ಇಲ್ಲಿಯ ಪರಿಚಯಸ್ಥರೊಬ್ಬರು ಹಳೆಯ ಮೈಸೂರಿನ ಅರಮನೆಯ ಮಾದರಿಯಲ್ಲಿ ಅಲಂಕರಿಸಿದ ಹೋಟೆಲುಗಳ ಸರಣಿಯೊಂದನ್ನು ಆರಂಭಿಸುತ್ತಿದ್ದಾರಂತೆ. ದಸರಾ ಅಂಬಾರಿ, ದರ್ಬಾರಿನ ಕಂಬಗಳು, ಪೇಟ ಧರಿಸಿದ ಪರಿಚಾರಕರು. ಬಂಡವಾಳ ಹೂಡಿದವರಿಗೆ ಗ್ರೀನ್ ಕಾರ್ಡ್ ಕೂಡ ದೊರೆಯುತ್ತದೆಂಬ ಭರವಸೆ. ಅದಕ್ಕಾಗಿ ಅಡಿಕೆ ತೋಟದ ಬಹುಭಾಗವನ್ನೂ ಶಿವಮೊಗ್ಗದ ನಿವೇಶನವನ್ನೂ ಮಾರಿ, ಉಳಿದದ್ದಕ್ಕೆ ಸಾಲ ಮಾಡುವ ಆಲೋಚನೆ.

"ನೀನು ಅಲ್ಲೇ ಇಷ್ಟು ವರ್ಷದಿಂದ ಇದ್ದೀಯಲ್ಲ ಮಾರಾಯ, ಒಂದು ಮಾತು ಹೇಳು. ಮಾಡಬಹುದಾ, ಬೇಡವಾ?" ಎಂದರು.

ನಾನು ವೈದ್ಯ. ರೋಗಿಯ ನಾಡಿ ಹಿಡಿದು ಅಭ್ಯಾಸವಿದೆಯೇ ಹೊರತು ವ್ಯಾಪಾರದ ನಾಡಿ ಹಿಡಿಯುವುದು ನನ್ನ ವಿದ್ಯೆಯಲ್ಲ. ಆದರೆ ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಉತ್ತುಂಗದಲ್ಲಿದ್ದು, ನನ್ನ ತರಬೇತಿ ಮುಗಿಯುವಷ್ಟರಲ್ಲಿ ನೆಲ ಕಚ್ಚಿದ ಇಂತಹುದೇ ಒಂದು ಹೋಟೆಲ್ ಸರಣಿಯ ಕಥೆ ನನಗೆ ಗೊತ್ತು. ಅದರ ಹೆಸರು ಪ್ಲಾನೆಟ್ ಹಾಲಿವುಡ್. ಭಾವನವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇದೇ ಆಲೋಚನೆಯಲ್ಲಿರುವ ಇತರರಿಗೂ ಇದು ಉಪಯೋಗಕ್ಕೆ ಬಂದೀತು.

ಈ ಕಥೆ ಲಂಡನ್ನಿನಿಂದ ಆರಂಭವಾಗುತ್ತದೆ. 1971ರಲ್ಲಿ ಐಸಾಕ್ ಟಿಗ್ರೆಟ್ ಮತ್ತು ಪೀಟರ್ ಮಾರ್ಟನ್ ಎಂಬ ಇಬ್ಬರು ಅಮೆರಿಕನ್ ತರುಣರು ಹೈಡ್ ಪಾರ್ಕಿನ ಬಳಿ ಹಾರ್ಡ್ ರಾಕ್ ಕೆಫೆ ತೆರೆದರು. ಲಂಡನ್ನಿನಲ್ಲಿ ಒಳ್ಳೆಯ ಅಮೆರಿಕನ್ ಹ್ಯಾಂಬರ್ಗರ್ ಸಿಗಬೇಕೆಂಬುದಷ್ಟೇ ಅವರ ಉದ್ದೇಶವಾಗಿತ್ತು. ಅಲ್ಲಿಗೆ ನಿತ್ಯ ಬರುತ್ತಿದ್ದ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ತನ್ನ ಗಿಟಾರನ್ನು ಗೋಡೆಗೆ ತೂಗುಹಾಕಲು ಕೊಟ್ಟ. ಅದನ್ನು ಕಂಡು ಪೀಟ್ ಟೌನ್‌ಶೆಂಡ್ ಕೂಡ ತನ್ನದೊಂದನ್ನು ಕಳುಹಿಸಿದ ಎಂಬುದು ಪ್ರಸಿದ್ಧ ಕಥೆ. ಹೀಗೆ ಗೋಡೆ ತುಂಬುತ್ತಾ ಹೋಯಿತು. ಗಿರಾಕಿಗಳು ಮೊದಲು ಬಂದರು, ಅಲಂಕಾರ ಅವರ ಹಿಂದಿನಿಂದ ಬಂತು. ಈ ಕ್ರಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಗೋಡೆಗಳ ಮೇಲೂ ಕನ್ನಡ ಸಾಹಿತಿಗಳ ಚಿತ್ರಗಳಿವೆ. 1943ರಲ್ಲಿ ಆರಂಭವಾದ ಆ ಹೋಟೆಲಿಗೆ ಜನ ಇಂದಿಗೂ ಸಾಲುಗಟ್ಟಿ ನಿಲ್ಲುವುದು ಮಸಾಲೆ ದೋಸೆಗಾಗಿ. ಚಿತ್ರಗಳನ್ನು ನೋಡಲೆಂದೇ ಬಂದವರು ಯಾರೂ ಇರಲಾರರು.

ಹಾರ್ಡ್ ರಾಕ್ ಜಗತ್ಪ್ರಸಿದ್ಧವಾದ ಮೇಲೆ, ಅದರಲ್ಲಿ ಉನ್ನತ ಹುದ್ದೆಯಲ್ಲಿದ್ದ ರಾಬರ್ಟ್ ಅರ್ಲ್ ಎಂಬ ಬ್ರಿಟಿಷ್ ಉದ್ಯಮಿ ಹೊಸದೊಂದು ಲೆಕ್ಕ ಹಾಕಿದರು. ಸಂಗೀತಕ್ಕೆ ಇಷ್ಟು ಆಕರ್ಷಣೆಯಿದ್ದರೆ ಸಿನಿಮಾಕ್ಕೆ ಇನ್ನೆಷ್ಟಿರಬಹುದು? ಚಿತ್ರ ನಿರ್ಮಾಪಕ ಕೀತ್ ಬಾರಿಷ್ ಅವರೊಂದಿಗೆ ಸೇರಿ, 1991ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ 57ನೆಯ ಬೀದಿಯಲ್ಲಿ ಮೊದಲ ಪ್ಲಾನೆಟ್ ಹಾಲಿವುಡ್ ತೆರೆದರು. ಒಳಾಂಗಣದ ವಿನ್ಯಾಸ 'ಬ್ಯಾಟ್‌ಮನ್' ಚಿತ್ರಕ್ಕೆ ಆಸ್ಕರ್ ಪಡೆದ ಆಂಟನ್ ಫರ್ಸ್ಟ್ ಅವರದು. ಅರ್ನಾಲ್ಡ್ ಶ್ವಾರ್ಜ್‌ನೆಗರ್, ಸಿಲ್ವೆಸ್ಟರ್ ಸ್ಟಾಲೋನ್, ಬ್ರೂಸ್ ವಿಲ್ಲಿಸ್, ಡೆಮಿ ಮೂರ್ ಪಾಲುದಾರರೆಂದು ಪ್ರಚಾರವಾಯಿತು. ಗಾಜಿನ ಪೆಟ್ಟಿಗೆಗಳಲ್ಲಿ ಸಿನಿಮಾ ಉಡುಪುಗಳು, ಆಯುಧಗಳು, ಯಂತ್ರಮಾನವರು. ಊಟದ ಪಟ್ಟಿಯಲ್ಲಿ ಶ್ವಾರ್ಜ್‌ನೆಗರ್ ಅವರ ತಾಯಿಯ ಪಾಕವೆನ್ನಲಾದ ಸೇಬಿನ ಸ್ಟ್ರೂಡಲ್. ಮಕ್ಕಳು ಬೆಳಗಿನ ಹೊತ್ತು ಹಾಲಿನಲ್ಲಿ ತಿನ್ನುವ ಸಿಹಿ ಸೀರಿಯಲ್ಲನ್ನು ಪುಡಿಮಾಡಿ ಸವರಿ ಕರಿದ ಕೋಳಿ ಅಲ್ಲಿಯ ಪ್ರಸಿದ್ಧ ತಿನಿಸು.

ಅಂದಿನ ಉತ್ಸಾಹವನ್ನು ಈಗ ಊಹಿಸುವುದು ಕಷ್ಟ. ಹೊಸ ಶಾಖೆ ತೆರೆದ ಊರಿನಲ್ಲಿ ರಸ್ತೆ ಸಂಚಾರವೇ ನಿಲ್ಲುತ್ತಿತ್ತು. 1996ರ ಏಪ್ರಿಲಿನಲ್ಲಿ ಕಂಪನಿ ಷೇರು ಪೇಟೆಗೆ ಬಂದಾಗ 18 ಡಾಲರಿಗೆ ನೀಡಿದ ಷೇರು ಮೊದಲ ದಿನವೇ ಒಂದು ಹಂತದಲ್ಲಿ 32 ಡಾಲರ್ ಮುಟ್ಟಿತು. ಆಸ್ಪತ್ರೆಯ ವಿಶ್ರಾಂತಿ ಕೊಠಡಿಯಲ್ಲಿ ಹಿರಿಯ ವೈದ್ಯರು ಅದರ ಬಗ್ಗೆಯೇ ಮಾತನಾಡುತ್ತಿದ್ದರು. ನನ್ನಂತಹ ರೆಸಿಡೆಂಟ್‌ಗಳಿಗೆ ಬಾಡಿಗೆ ಕಟ್ಟಿ ಊರಿಗೆ ಸ್ವಲ್ಪ ಹಣ ಕಳುಹಿಸಿದರೆ ಏನೂ ಉಳಿಯುತ್ತಿರಲಿಲ್ಲವಾದ್ದರಿಂದ, ಬುದ್ಧಿವಂತಿಕೆಯಿಂದಲ್ಲ, ಬಡತನದಿಂದ ಪಾರಾದೆವು.

1998ರಲ್ಲಿ ಅಪ್ಪ ಅಮ್ಮ ಮೊದಲ ಬಾರಿಗೆ ಬಂದರು. ಅವರನ್ನು ಒರ್ಲಾಂಡೋಗೆ ಕರೆದೊಯ್ದೆ. ಅಲ್ಲಿ ಡಿಸ್ನಿಯವರ ಆವರಣದಲ್ಲಿ ಬೃಹತ್ ನೀಲಿ ಗೋಳದ ಆಕಾರದ ಪ್ಲಾನೆಟ್ ಹಾಲಿವುಡ್ ಇತ್ತು. ಬಹಳ ಹೊತ್ತು ಸರದಿಯಲ್ಲಿ ನಿಂತು ಒಳಗೆ ಹೋದೆವು. ಅಪ್ಪ ಬಾಯಿ ತೆರೆದು ಚಾವಣಿಯನ್ನೇ ನೋಡುತ್ತಿದ್ದರು. ಅಮ್ಮ ಆಲೂಗಡ್ಡೆಯ ಫ್ರೈಸ್ ತಿಂದು, ನೀರು ಕುಡಿದು, ಗೋಡೆಯ ವಸ್ತುಗಳನ್ನೆಲ್ಲ ಒಂದೂ ಬಿಡದಂತೆ ನೋಡಿದರು. ಹೊರಗೆ ಬಂದಾಗ, "ಇನ್ನೊಂದು ಸಲ ಬರೋಣವೇ?" ಎಂದು ಕೇಳಿದೆ. "ಮತ್ತೆ ಯಾಕೋ? ನೋಡಿ ಆಯ್ತಲ್ಲ. ಬೇಗ ಮನೆಗೆ ನಡಿ, ಅನ್ನ ಸಾರು ಮಾಡ್ತೀನಿ" ಎಂದರು.

ಆ ಸರಣಿಯ ರೋಗನಿದಾನವನ್ನು ಅಮ್ಮ ಅಂದೇ ಹೇಳಿಬಿಟ್ಟಿದ್ದರು. ಅದು ನೋಡುವ ಜಾಗವಾಗಿತ್ತು. ನೋಡುವ ಜಾಗಕ್ಕೆ ಮನುಷ್ಯ ಒಮ್ಮೆ ಹೋಗುತ್ತಾನೆ. ನೆಂಟರು ಬಂದರೆ ಇನ್ನೊಮ್ಮೆ. ಉಣ್ಣುವ ಜಾಗಕ್ಕೆ ವಾರಕ್ಕೊಮ್ಮೆಯಾದರೂ ಹೋಗುತ್ತಾನೆ. ಹೋಟೆಲಿನ ಬಾಡಿಗೆ, ಸಂಬಳ, ಅಲಂಕಾರಕ್ಕೆ ಸುರಿದ ಹಣದ ಬಡ್ಡಿ ಮಾತ್ರ ಪ್ರತಿ ತಿಂಗಳೂ ಬರುತ್ತವೆ. ಪ್ರವಾಸಿಗರು ಓಡಾಡುವ ಬೀದಿಗಳಲ್ಲಿ ಬಾಡಿಗೆಯೂ ವಿಪರೀತ.

ಎರಡನೆಯ ಕಾರಣ ತಾರೆಯರದ್ದೇ. ತಾರೆಯರು ತಮ್ಮ ಹೆಸರು ಮತ್ತು ಹಾಜರಿಗೆ ಪ್ರತಿಫಲವಾಗಿ ಷೇರು ಪಡೆದಿದ್ದರು. ಉದ್ಘಾಟನೆಯ ರಾತ್ರಿ ಬಂದು ಕೈಬೀಸಿ ಹೋಗುತ್ತಿದ್ದರು. ಮರುದಿನ ಬಂದ ಗಿರಾಕಿಗೆ ಸಿಗುತ್ತಿದ್ದದ್ದು ಸಾಮಾನ್ಯ ಬರ್ಗರ್ ಮತ್ತು ದುಬಾರಿ ಬಿಲ್ಲು.

ಮೂರನೆಯದು ಅಂಗಿಯ ವಿಷಯ. ಊರಿನ ಹೆಸರು ಮುದ್ರಿಸಿದ ಟೀ ಶರ್ಟು, ಜಾಕೆಟ್ಟುಗಳ ಮಾರಾಟದಿಂದಲೇ ಆದಾಯದ ದೊಡ್ಡ ಪಾಲು ಬರುತ್ತಿತ್ತು. ಅದರಲ್ಲಿ ಲಾಭವೂ ಊಟಕ್ಕಿಂತ ಹೆಚ್ಚು. ಆ ಅಂಗಿಗೆ ಬೆಲೆ ಇದ್ದದ್ದು ಅದನ್ನು ತೊಟ್ಟವನು ದೂರದ ಊರಿಗೆ ಹೋಗಿ ಬಂದವನೆಂಬ ಕಾರಣಕ್ಕೆ. ಶಾಖೆಗಳು 80ನ್ನು ದಾಟಿ, ಊರೂರಿನ ಮಾಲುಗಳಲ್ಲೂ ಹೋಟೆಲು ತೆರೆದಾಗ ಅಂಗಿ ಬರಿಯ ಅಂಗಿಯಾಯಿತು.

ಆದರೂ ಕೆಲವು ವರ್ಷ ಲೆಕ್ಕಪತ್ರಗಳಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಇದು ಹೇಗೆಂದು ವೈದ್ಯನಾಗಿ ನನಗೆ ಬೇಗ ಅರ್ಥವಾಗುತ್ತದೆ. ಒಳಗೆ ರಕ್ತಸ್ರಾವವಾಗುತ್ತಿರುವ ರೋಗಿಗೆ ಬಾಟಲಿಯ ಮೇಲೆ ಬಾಟಲಿ ರಕ್ತ ಕೊಡುತ್ತಿದ್ದರೆ ರಕ್ತದೊತ್ತಡ ಸ್ವಲ್ಪ ಹೊತ್ತು ಸರಿಯಾಗಿಯೇ ಇರುತ್ತದೆ. ಹಳೆಯ ಶಾಖೆಗಳಲ್ಲಿ ಮಾರಾಟ ಇಳಿಯುತ್ತಿದ್ದರೂ ಹೊಸ ಶಾಖೆಗಳ ಮೊದಲ ವರ್ಷದ ನೂಕುನುಗ್ಗಲು ಒಟ್ಟು ಮೊತ್ತವನ್ನು ಹಿಗ್ಗಿಸುತ್ತಿತ್ತು. ಒಂದೇ ಶಾಖೆಯ ಎರಡನೆಯ, ಮೂರನೆಯ ವರ್ಷದ ಮಾರಾಟವನ್ನು ಬೇರೆಯಾಗಿ ನೋಡಿದವರಿಗೆ ಮಾತ್ರ ಸ್ರಾವ ಕಾಣುತ್ತಿತ್ತು.

ಷೇರುದಾರರು ಬೆಳವಣಿಗೆ ಕೇಳುತ್ತಲೇ ಇದ್ದರು. ಕಂಪನಿ ಕ್ರೀಡಾತಾರೆಯರ ಹೆಸರಿನ 'ಆಲ್ ಸ್ಟಾರ್ ಕೆಫೆ'ಯನ್ನೂ ತೆರೆಯಿತು. ಬೇರೆಯವರೂ ಸುಮ್ಮನಿರಲಿಲ್ಲ: ರೂಪದರ್ಶಿಯರ ಫ್ಯಾಷನ್ ಕೆಫೆ, ಮೋಟಾರ್ ಸೈಕಲ್ಲಿನ ಹಾರ್ಲೆ ಡೇವಿಡ್‌ಸನ್ ಕೆಫೆ, ನಿರ್ದೇಶಕ ಸ್ಪೀಲ್‌ಬರ್ಗ್ ಕೈಜೋಡಿಸಿದ್ದ ಜಲಾಂತರ್ಗಾಮಿಯ ಆಕಾರದ 'ಡೈವ್', ಗುಡುಗು ಮಳೆ ಕೇಳಿಸುವ ರೈನ್‌ಫಾರೆಸ್ಟ್ ಕೆಫೆ. ವಿಚಿತ್ರವೆಂಬುದು ಬೀದಿಗೊಂದಾದಾಗ ವಿಚಿತ್ರವಾಗಿ ಉಳಿಯಲಿಲ್ಲ.

1998ರ ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನಿನ ಶಾಖೆಯಲ್ಲಿ ಬಾಂಬ್ ಸ್ಫೋಟಿಸಿ ಜೀವಹಾನಿಯಾಯಿತು. 1999ರಲ್ಲಿ ಷೇರಿನ ಬೆಲೆ ಒಂದು ಡಾಲರಿಗಿಂತ ಕೆಳಗಿಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಮೊದಲ ಬಾಗಿಲು ತೆರೆದ ಎಂಟು ವರ್ಷಕ್ಕೆ, ಕಂಪನಿ ದಿವಾಳಿ ರಕ್ಷಣೆ ಕೋರಿತು. ಮರುವರ್ಷ ಶ್ವಾರ್ಜ್‌ನೆಗರ್ ಹೊರನಡೆದರು. ಚೇತರಿಸಿಕೊಳ್ಳುವಷ್ಟರಲ್ಲಿ 2001ರ ಸೆಪ್ಟೆಂಬರ್ ದಾಳಿ ನಡೆದು ಪ್ರವಾಸಿಗರೇ ಇಲ್ಲವಾದರು. ಅಕ್ಟೋಬರಿನಲ್ಲಿ ಎರಡನೆಯ ದಿವಾಳಿ. ಹೆಸರು ಇಂದಿಗೂ ಪೂರ್ತಿ ಅಳಿದಿಲ್ಲ. ಲಾಸ್ ವೇಗಸ್ಸಿನಲ್ಲಿ 2007ರಿಂದ ದೊಡ್ಡ ಹೋಟೆಲೊಂದು ಆ ಹೆಸರಿನಲ್ಲಿದೆ. ಒರ್ಲಾಂಡೋದ ನೀಲಿ ಗೋಳ 2017ರಲ್ಲಿ ವೇಷ ಬದಲಿಸಿ ಖಗೋಳ ವೀಕ್ಷಣಾಲಯದಂತಾಯಿತು. ಆದರೆ ದಿವಾಳಿಯ ಸರದಿಯಲ್ಲಿ ಸಾಲ ಕೊಟ್ಟವರು ಮುಂದೆ, ಷೇರು ಕೊಂಡವರು ಕೊನೆಯಲ್ಲಿ. ಆ ಕೊನೆಯವರ ಪಾಲಿಗೆ ಉಳಿದದ್ದು ಅತ್ಯಲ್ಪ.

ಇಲ್ಲೊಂದು ಸಂಗತಿಯನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ಹಾರ್ಡ್ ರಾಕ್ ಸ್ಥಾಪಕ ಟಿಗ್ರೆಟ್ ಸತ್ಯಸಾಯಿಬಾಬಾ ಅವರ ಭಕ್ತರಾಗಿದ್ದರು. ತಮ್ಮ ಪಾಲನ್ನು ಮಾರಿ ಬಂದ ಹಣದಲ್ಲಿ ದೊಡ್ಡ ಭಾಗವನ್ನು ಪುಟ್ಟಪರ್ತಿಯ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ನೀಡಿದರು. ಅದು ಆರಂಭವಾದದ್ದು 1991ರ ನವೆಂಬರಿನಲ್ಲಿ, ಪ್ಲಾನೆಟ್ ಹಾಲಿವುಡ್ ತೆರೆದ ಮರುತಿಂಗಳು. ಹತ್ತು ವರ್ಷದ ಬಳಿಕ ಬೆಂಗಳೂರಿನ ವೈಟ್‌ಫೀಲ್ಡಿನಲ್ಲೂ ಅಂತಹುದೇ ಆಸ್ಪತ್ರೆ ತಲೆಯೆತ್ತಿತು. ಅಲ್ಲಿ ರೋಗಿಗೆ ಬಿಲ್ಲು ಕೊಡುವುದಿಲ್ಲ. ಕೋಲಾರ, ಅನಂತಪುರದ ಕಡೆಯ ಬಡಜನರ ಹೃದಯದ ಕವಾಟಗಳನ್ನು ಬದಲಿಸಿದ ಆ ಸೇವೆಯ ಮೂಲದಲ್ಲಿ ಬರ್ಗರ್ ಮತ್ತು ಟೀ ಶರ್ಟಿನ ಹಣವೂ ಇದೆಯೆಂದು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಇನ್ನು ಭಾವನವರ ಪ್ರಶ್ನೆ. ಸಣ್ಣ ಬಂಡವಾಳ ಹೂಡಿ ಇಲ್ಲಿ ವ್ಯಾಪಾರ ನಡೆಸಲು ಇರುವ ಇ-2 ವೀಸಾ ಭಾರತೀಯ ಪ್ರಜೆಗಳಿಗೆ ದೊರೆಯುವುದಿಲ್ಲ. ಆ ಒಪ್ಪಂದ ನಮ್ಮ ದೇಶದೊಂದಿಗಿಲ್ಲ. ಉಳಿದದ್ದು ಇಬಿ-5. 2022ರ ಕಾನೂನಿನಂತೆ ಅದಕ್ಕೆ ಕನಿಷ್ಠ 10,50,000 ಡಾಲರ್, ಗ್ರಾಮೀಣ ಅಥವಾ ನಿರುದ್ಯೋಗ ಹೆಚ್ಚಿರುವ ಪ್ರದೇಶವಾದರೆ 8,00,000 ಡಾಲರ್ ಹೂಡಬೇಕು. 10 ಪೂರ್ಣಾವಧಿ ಉದ್ಯೋಗಗಳು ಸೃಷ್ಟಿಯಾಗಬೇಕು. ಮೊದಲು ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್ ಮಾತ್ರ. ಮುಖ್ಯವಾಗಿ, ಹಣ ನಿಜವಾಗಿ ನಷ್ಟದ ಅಪಾಯಕ್ಕೆ ಒಡ್ಡಿಕೊಂಡಿರಬೇಕೆಂಬುದು ಕಾನೂನಿನದೇ ನಿಯಮ. ಹಣ ಖಂಡಿತ ವಾಪಸು ಬರುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ, ಆ ಭರವಸೆಯೇ ನಿಯಮಕ್ಕೆ ವಿರುದ್ಧ. ಉದ್ಯೋಗಗಳು ಸೃಷ್ಟಿಯಾಗುವ ಮುನ್ನವೇ ಹೋಟೆಲು ಮುಚ್ಚಿದರೆ ತೋಟವೂ ಹೋಗಬಹುದು, ಗ್ರೀನ್ ಕಾರ್ಡೂ ಹೋಗಬಹುದು.

ಬೇಡವೆಂದು ನಾನು ಹೇಳಲಿಲ್ಲ. ಎಂಟಿಆರ್ 1924ರಲ್ಲಿ ಹುಟ್ಟಿ, ಸುಮಾರು ಒಂಬತ್ತು ದಶಕಗಳ ಬಳಿಕ ಸಿಂಗಾಪುರಕ್ಕೆ ಹೋಯಿತು. ಅಷ್ಟು ಕಾಯಬೇಕೆಂದೂ ಅಲ್ಲ. ಆದರೆ ಮೂರು ಪ್ರಶ್ನೆ ಕೇಳಲು ಅಳಿಯನಿಗೆ ಹೇಳಿದೆ. ಈಗಾಗಲೇ ನಡೆಯುತ್ತಿರುವ ಶಾಖೆಯ ಮೂರನೆಯ ವರ್ಷದ ಲೆಕ್ಕ ಎಲ್ಲಿ? ಬಂದವರಲ್ಲಿ ಮತ್ತೆ ಬಂದವರೆಷ್ಟು? ಯೋಜನೆಯ ಮುಖ್ಯಸ್ಥರು ತಮ್ಮ ಸ್ವಂತ ಹಣ ಎಷ್ಟು ಹಾಕಿದ್ದಾರೆ, ಅಥವಾ ಬರಿಯ ಹೆಸರು ಹಾಕಿದ್ದಾರೆಯೇ?

"ಮಾವ, ಅಂಬಾರಿ ತುಂಬ ಚೆನ್ನಾಗಿ ಮಾಡಿಸಿದ್ದಾರೆ, ಫೋಟೋ ಕಳಿಸ್ತೀನಿ ನೋಡಿ" ಎಂದ. ಫೋಟೋ ಬಂತು. ನಿಜಕ್ಕೂ ಚೆನ್ನಾಗಿದೆ. ಊಟ ಹೇಗಿದೆಯೆಂದು ಕೇಳಿದೆ. ಅವನು ಇನ್ನೂ ಅಲ್ಲಿ ಉಂಡಿರಲಿಲ್ಲ. ಪರಿಚಯಸ್ಥರೂ ಆ ವಿಷಯ ಎತ್ತಿರಲಿಲ್ಲವಂತೆ.

ಮೂರು ಪ್ರಶ್ನೆಗಳನ್ನು ಅವನು ಕಳುಹಿಸಿ ನಾಲ್ಕು ವಾರ ಕಳೆದಿವೆ. ಉತ್ತರ ಬಂದಿಲ್ಲ. ಈ ವರ್ಷದ ಕೊನೆಗೌಡು ಮುಗಿಯುವವರೆಗೆ ತೋಟದ ವಿಚಾರ ಎತ್ತುವುದಿಲ್ಲವೆಂದು ಭಾವನವರು ಹೇಳಿದ್ದಾರೆ.