ಬಂಡಿಗೆ ಕೀಲೆಣ್ಣಿ: ಯಾವುದು, ಎಷ್ಟು, ಹ್ಯಾಂಗ?

ಎಳ್ಳ ಅಮಾಸಿ ಹತ್ತಿರ ಬಂತೆಂದರೆ ನಮ್ಮ ನೆಲೋಗಿ ಕಡೆ ಬಂಡಿ ಗಾಲಿ ಬಿಚ್ಚುವ ಕೆಲಸ ಸುರು. ಚರಗ ಚೆಲ್ಲಲಿಕ್ಕೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಬೇಕು. ಅದರ ಹಿಂದೆಯೇ ತೊಗರಿ ರಾಶಿ, ಬಿಳಿಜೋಳ, ಕಣಕಿ ಹೇರುವದು ಬರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಬಂಡಿ ಕಡಿಮೆ ಆಗಿವೆ, ಖರೆ. ಆದರೂ ಜೋಡೆತ್ತು ಕಟ್ಟಿಕೊಂಡು ಐದಾರು ಎಕರೆ ಎರಿ ಹೊಲ ಮಾಡುವವನಿಗೆ ಬಂಡಿ ಬಿಟ್ಟು ನಡೆಯದು. ಅಂಥವರಿಗಾಗಿ ಬರೆದಿದ್ದೇನೆ.

ಗಾಲಿ ಕಿರ್ ಅಂತ ಕೂಗಿದರೆ "ಎಣ್ಣಿ ಬೇಡ್ತದ" ಅಂತ ನಾವು ನಗುತ್ತೇವೆ. ಆ ಸಪ್ಪಳ ಅಂದರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಸವೆಯುವ ಸಪ್ಪಳ. ಅಚ್ಚು ಒಣಗಿದಷ್ಟೂ ಅದೇ ಹೇರಿಗೆ ಎತ್ತು ಹೆಚ್ಚು ಜಗ್ಗಬೇಕು. ಹೆಗಲು ಬಾತು, ತೊಗಲು ಸುಲಿದು ನೊಣ ಕೂತಾಗ ನಾವು ನೊಗ ನೋಡುತ್ತೇವೆ, ಗಾಲಿ ಕಡೆ ನೋಡುವದಿಲ್ಲ. ಅಚ್ಚು ಬಹಳ ಸವೆದು ತೆಳ್ಳಗಾದರೆ ಒಂದು ದಿನ ಹೇರು ತುಂಬಿದಾಗಲೇ ಮುರಿಯುತ್ತದೆ. ಖಾಲಿ ಬಂಡಿ ಅಚ್ಚು ಮುರಿದದ್ದು ಯಾರೂ ನೋಡಿಲ್ಲ.

ಹಾಕುವದು ಯಾವ ಎಣ್ಣಿ? ಹಿರಿಯರು ಔಡಲೆಣ್ಣಿ ಅಂದರು. ಮನೆಯಲ್ಲಿ ಕುಸುಬಿ ಎಣ್ಣಿ, ಅಗಸಿ ಎಣ್ಣಿ, ಸೇಂಗಾ ಎಣ್ಣಿ ಎಲ್ಲ ಇದ್ದಾಗಲೂ ಅಚ್ಚಿಗೆ ಔಡಲವೇ ಬೇಕು ಅಂದರು. ಅದಕ್ಕೆ ಕಾರಣ ಉಂಟು. ಔಡಲೆಣ್ಣಿ ಸೇಂಗಾ ಎಣ್ಣಿಗಿಂತ ಐದಾರು ಪಟ್ಟು ದಪ್ಪ. ಭಾರ ಬಿದ್ದರೂ ಎರಡು ಕಬ್ಬಿಣದ ನಡುವಿನಿಂದ ಜಾರಿ ಹೋಗದೆ ಕಚ್ಚಿಕೊಂಡು ನಿಲ್ಲುತ್ತದೆ. ಎರಡನೆಯದು, ಅದು ಗಾಳಿಗೆ ಒಣಗುವದಿಲ್ಲ. ಅಗಸಿ, ಕುಸುಬಿ ಎಣ್ಣಿಗಳ ಗುಣ ಬೇರೆ. ತೆಳ್ಳಗೆ ಹಚ್ಚಿ ಬಿಟ್ಟರೆ ಗಾಳಿ ಹೀರಿ ಅಂಟಾಗಿ, ಮುಂದೆ ಗಟ್ಟಿ ಪೊರೆ ಆಗುತ್ತವೆ. ಅದಕ್ಕೇ ಅಗಸಿ ಎಣ್ಣಿ ಬಣ್ಣಕ್ಕೆ, ವಾರ್ನಿಶಿಗೆ ಹೋಗುತ್ತದೆ. ನೊಗಕ್ಕೆ, ಮೂಕಿಗೆ, ಗಾಲಿಯ ಅರಗಳಿಗೆ ವರ್ಷಕ್ಕೊಮ್ಮೆ ಹಚ್ಚಿರಿ, ಕಟ್ಟಿಗೆ ಬಿರಿಯದೆ ಬಾಳುತ್ತದೆ. ಅದನ್ನೇ ಅಚ್ಚಿಗೆ ಹಾಕಿದರೆ ಎಂಟು ದಿನದಲ್ಲಿ ಬೆಲ್ಲದ ಪಾಕದಂಗ ಹಿಡಿಯುತ್ತದೆ.

ಔಡಲೆಣ್ಣಿ ಹಳೇ ಕಾಲದ್ದು, ಈಗೇನು ಅನ್ನುವವರಿಗೆ ಒಂದು ಮಾತು. 1914ರಿಂದ 1918ರ ಮಹಾಯುದ್ಧದಲ್ಲಿ ಹಾರಿದ ಎಷ್ಟೋ ವಿಮಾನಗಳ ಇಂಜಿನ್ನಿಗೆ ಇದನ್ನೇ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದದ್ದೂ ಔಡಲೆಣ್ಣಿಯ ಇಂಗ್ಲಿಷ್ ಹೆಸರಿನಿಂದಲೇ. ಇವತ್ತು ಅಂಗಡಿಯಲ್ಲಿ ಸಿಗುವ ಲಿಥಿಯಂ ಗ್ರೀಸು ಇದೆಯಲ್ಲ, ಅದೂ ಔಡಲದ ನೆಂಟನೇ. ಗ್ರೀಸು ಅಂದರೆ ಸಾಬೂನಿನಲ್ಲಿ ಹಿಡಿದಿಟ್ಟ ಎಣ್ಣಿ, ಅರಳೆಯಲ್ಲಿ ನೀರು ನಿಂತ ಹಾಗೆ. ಲಿಥಿಯಂ ಗ್ರೀಸಿನ ಆ ಸಾಬೂನನ್ನು ಹೆಚ್ಚಾಗಿ ಔಡಲೆಣ್ಣಿಯಿಂದ ತೆಗೆದ ಆಮ್ಲದಿಂದಲೇ ಮಾಡುತ್ತಾರೆ. ಹೊಲದ ಬದುವಿನ ಗಿಡ ಅಂತ ಹಗುರ ಮಾಡಬ್ಯಾಡ್ರಿ.

ಕೊಬ್ಬು, ಕೆಟ್ಟ ತುಪ್ಪ, ಡಾಲ್ಡಾ ಹಾಕುವವರೂ ಇದ್ದಾರೆ. ಇವು ದಿನ ಕಳೆದಂತೆ ಹುಳಿಯುತ್ತವೆ, ಹುಳಿ ಕಬ್ಬಿಣ ತಿನ್ನುತ್ತದೆ. ಮೇಲೆ ಇಲಿ, ನಾಯಿ ಬಂದು ನೆಕ್ಕುತ್ತವೆ. ಜಿಡ್ಡಿನ ಆಯ್ಕೆ ಸಣ್ಣ ಮಾತಲ್ಲ ಅನ್ನುವದಕ್ಕೆ 1857 ನೆನೆಸಿರಿ. ಎನ್‌ಫೀಲ್ಡ್ ಬಂದೂಕಿನ ತೋಟಾ ಸಲೀಸಾಗಿ ನಳಿಗೆಯಲ್ಲಿ ಇಳಿಯಲಿ ಅಂತ ಕೊಬ್ಬು ಸವರಿದ್ದರು. ಅದನ್ನು ಬಾಯಿಂದ ಕಚ್ಚಿ ಹರಿಯಬೇಕಿತ್ತು. ಅದು ದನದ್ದು, ಹಂದಿಯದ್ದು ಅಂತ ಸುದ್ದಿ ಹಬ್ಬಿ ಸಿಪಾಯಿಗಳು ಸಿಡಿದೆದ್ದರು. ನಿಮಗೆ ಬೇಕಾದ ಜಿಡ್ಡು ನೀವೇ ಹಚ್ಚಿಕೊಳ್ಳಿರಿ ಅಂತ ಆ ವರ್ಷ ಜನವರಿಯಲ್ಲೇ ಸರಕಾರ ಹುಕುಂ ಮಾಡಿತ್ತು, ಆದರೆ ನಂಬಿಕೆ ಆಗಲೇ ಹೋಗಿತ್ತು. ಇರಲಿ, ನಮ್ಮದು ಗಾಲಿಯ ಮಾತು.

ಟ್ರ್ಯಾಕ್ಟರಿನಿಂದ ಇಳಿಸಿದ ಕರೀ ಎಣ್ಣಿ ಪುಕ್ಕಟೆ ಸಿಗುತ್ತದೆ ಅಂತ ಬಹಳ ಮಂದಿ ಅದನ್ನೇ ಸುರಿಯುತ್ತಾರೆ. ನನ್ನ ಮಟ್ಟಿಗೆ ಅದು ಬೇಡ. ಅದರಲ್ಲಿ ಇಂಜಿನ್ ಸವೆದ ಕಬ್ಬಿಣದ ಪುಡಿ ಇರುತ್ತದೆ. ತೆಳ್ಳಗಿರುವದರಿಂದ ನಮ್ಮ ಬ್ಯಾಸಗಿ ಬಿಸಿಲಿಗೆ ಹರಿದು ನೆಲಕ್ಕೆ ಬೀಳುತ್ತದೆ. ದಿನಾ ಕೈಗೆ ಬಳಿದುಕೊಂಡರೆ ತೊಗಲಿನ ಕ್ಯಾನ್ಸರಿಗೂ ದಾರಿ. ಮಣ್ಣಿಗಂತೂ ಒಳ್ಳೆಯದಲ್ಲ.

ಮನೆಯ ಕೀಲೆಣ್ಣಿಗೆ ಔಡಲೆಣ್ಣಿಯ ಜೊತೆ ಮಸಿ ಕೂಡಿಸುತ್ತೇವೆ. ಮಸಿ ಎಣ್ಣಿಯನ್ನು ಮಂದ ಮಾಡುತ್ತದೆ, ನುಣ್ಣಗಿದ್ದರೆ ತಾನೂ ಜಾರುತ್ತದೆ. ಆದರೆ ಹುಲ್ಲು ಪೂರಾ ಸುಟ್ಟು ಬಿಳಿ ಬೂದಿ ಆಗಬಾರದು. ಹುಲ್ಲಿನ ಬೂದಿಯಲ್ಲಿ ಮರಳಿನ ಅಂಶ ಬಹಳ, ಅದು ಅಚ್ಚನ್ನು ಕೊರೆಯುತ್ತದೆ. ಉರಿ ಹತ್ತಿದ ಕೂಡಲೇ ಮುಚ್ಚಿ ಕಪ್ಪಗೆ ಕರಿ ಮಾಡಿಕೊಂಡು, ಅರೆದು, ಅರಿವಿಯಲ್ಲಿ ಸೋಸಬೇಕು. ದೀಪದ ಕಾಡಿಗೆ ಸಿಕ್ಕರೆ ಇನ್ನೂ ಚಲೋ. ಬೆರಳಿಗೆ ಹಚ್ಚಿ ತಿಕ್ಕಿ ನೋಡಿರಿ, ಒಂದು ಹರಳು ತಾಗಿದರೂ ಮತ್ತೆ ಸೋಸಿರಿ. ಎಣ್ಣಿಗೆ ಸ್ವಲ್ಪ ಸ್ವಲ್ಪ ಕೂಡಿಸುತ್ತ ಹೋಗಿ, ಕಡ್ಡಿ ಎತ್ತಿದರೆ ಜೋನಿ ಬೆಲ್ಲದಂಗ ನಿಧಾನ ಇಳಿಯುವಷ್ಟು ಮಂದ ಆದರೆ ಸಾಕು. ಬ್ಯಾಸಗಿಗೆ ಇನ್ನಷ್ಟು ಮಂದ ಇರಲಿ.

ಇಷ್ಟೆಲ್ಲ ಮಾಡಿ, ಹಳೇ ಜಿಡ್ಡಿನ ಮೇಲೆಯೇ ಹೊಸದು ಸುರಿದರೆ ಎಲ್ಲ ಹಾಳು. ಎಣ್ಣಿ ಯಾವುದು ಅನ್ನುವದಕ್ಕಿಂತ ಇದು ದೊಡ್ಡದು ಅಂತ ನನ್ನ ಅನುಭವ. ನಮ್ಮ ದಾರಿಯ ಧೂಳು, ಹಳ್ಳದ ಉಸುಕು ಜಿಡ್ಡಿಗೆ ಕೂಡಿ ಸಾಣೆ ಹಿಡಿಯುವ ಹಿಟ್ಟಿನಂಗ ಆಗಿರುತ್ತದೆ. ಗಾಲಿ ತಿರುಗಿದಂತೆ ಅದು ಅಚ್ಚನ್ನು ಮಸೆಯುತ್ತದೆ. ಹೊಸ ಎಣ್ಣಿ ಅದನ್ನು ಇನ್ನೂ ಒಳಗೆ ಒಯ್ಯುತ್ತದೆ, ಅಷ್ಟೇ.

ಎತ್ತು ಕೊಳ್ಳು ಹರಿದು, ಬಂಡಿ ಖಾಲಿ ಮಾಡಿರಿ. ಆಚೆ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಈಚೆ ಬದಿ ಎತ್ತಿ ಗಟ್ಟಿ ದಿಮ್ಮಿ ಆನಿಸಿರಿ. ಒಬ್ಬರೇ ಇದ್ದಾಗ ಈ ಕೆಲಸಕ್ಕೆ ಕೈ ಹಚ್ಚಬ್ಯಾಡ್ರಿ. ಕಡಾಣಿ ತೆಗೆದು ಗಾಲಿ ಪೂರಾ ಜಗ್ಗಿರಿ. ಚಿಮಣಿ ಎಣ್ಣಿ ಈಗ ಸಿಗುವದು ಕಷ್ಟ, ಡೀಸೆಲ್ಲಿನಲ್ಲಿ ಅರಿವಿ ಅದ್ದಿ ಅಚ್ಚನ್ನೂ ಗುಂಬದ ಒಳಮೈಯನ್ನೂ ಬೆಳ್ಳಗೆ ವರೆಸಿ, ಒಣ ಅರಿವಿಯಿಂದ ಮತ್ತೆ ವರೆಸಿರಿ. ಅಚ್ಚಿನ ಕೆಳಮೈ ಮೇಲೆ ಬೆರಳು ಆಡಿಸಿರಿ. ಗಾಲಿ ತಿರುಗುತ್ತದೆ, ಅಚ್ಚು ತಿರುಗುವದಿಲ್ಲ. ಗುಂಬ ಕೆಳಗಿನಿಂದ ಒತ್ತುವದರಿಂದ ಸವೆತ ಯಾವಾಗಲೂ ಕೆಳಬದಿಗೇ. ಅಲ್ಲಿ ತಗ್ಗು, ಗೆರೆ ಸಿಕ್ಕರೆ ಕಮ್ಮಾರನಿಗೆ ತೋರಿಸಿರಿ. ಎಣ್ಣಿಯಿಂದ ಅದು ತುಂಬುವದಿಲ್ಲ.

ಸುತ್ತಲೂ ಹಚ್ಚಿ, ಕೆಳಮೈಗೆ ಸ್ವಲ್ಪ ಹೆಚ್ಚು. ಗಾಲಿ ಏರಿಸಿ ಕೈಯಿಂದ ಹತ್ತು ಸುತ್ತು ತಿರುಗಿಸಿ ಕಡಾಣಿ ಬಡಿಯಿರಿ. ಹೊರಗೆ ಉಕ್ಕಿದ್ದನ್ನು ವರೆಸಬೇಕು, ಆದರೆ ಗುಂಬದ ಬಾಯಿಗೆ ತೆಳ್ಳನೆಯ ಬಳೆಯಂಗ ಬಿಡಿರಿ. ಧೂಳು ಅಲ್ಲೇ ಹಿಡಿದುಕೊಳ್ಳುತ್ತದೆ, ಒಳಗೆ ಹೋಗುವದಿಲ್ಲ. ದಿನಾ ಹೇರು ಇದ್ದಾಗ ನಾನು ಎಂಟು ದಿನಕ್ಕೊಮ್ಮೆ ಹಾಕುತ್ತೇನೆ. ಹಳ್ಳದ ನೀರಿನಲ್ಲಿ ಗುಂಬ ಮುಳುಗಿದರೆ ಅಂದೇ ಸಂಜೆ.

ಟಾಯರ್ ಬಂಡಿಯ ಬೇರಿಂಗಿಗೆ ಕೀಲೆಣ್ಣಿ ಬೇಡ. ಅದಕ್ಕೆ ಲಿಥಿಯಂ ಗ್ರೀಸೇ ಸರಿ, ಬಿಸಿಗೂ ನೀರಿಗೂ ತಡೆಯುತ್ತದೆ. ಸೋಡಾ ಗ್ರೀಸು ನೀರಿಗೆ ತೊಳೆದು ಹೋಗುತ್ತದೆ. ಬೇರಿಂಗ್ ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ, ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿರಿ. ಆಚೆ ಬದಿಯಿಂದ ಹೊರಬರುವ ತನಕ ಒತ್ತಬೇಕು. ಗುಂಬದ ಖಾಲಿ ಜಾಗ ಪೂರಾ ತುಂಬುವದು ತಪ್ಪು. ಮೂರರಲ್ಲಿ ಒಂದು ಪಾಲು, ಬಹಳ ಆದರೆ ಅರ್ಧ. ಹೆಚ್ಚಾದ ಗ್ರೀಸು ಕಲಸಿ ಕಲಸಿ ಬಿಸಿ ಆಗುತ್ತದೆ. ಬೇರೆ ಬೇರೆ ಜಾತಿ ಗ್ರೀಸು ಕೂಡಿಸಿದರೆ ಕೆಲವೊಮ್ಮೆ ನೀರಾಗುತ್ತದೆ. ನಟ್ಟು ಬಿಗಿದು ಸ್ವಲ್ಪ ಹಿಂದಕ್ಕೆ ಬಿಡಿರಿ. ಗಾಲಿ ಸರಾಗ ತಿರುಗಬೇಕು, ಅಲುಗಾಡಬಾರದು. ಪಿನ್ನು ಹೊಸದೇ ಹಾಕಿರಿ. ಎರಡು ಮೂರು ಕಿಲೋಮೀಟರ್ ಹೋದ ಮೇಲೆ ಗುಂಬ ಮುಟ್ಟಿ ನೋಡಿರಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ ಅಲ್ಲೇ ನಿಲ್ಲಿಸಿ ಬಿಚ್ಚಬೇಕು.

ಇನ್ನು ವರೆಸಿದ ಅರಿವಿಗಳು. ಅಗಸಿ ಎಣ್ಣಿ ನೊಗಕ್ಕೆ ಹಚ್ಚಿ ವರೆಸಿದ ಅರಿವಿಯನ್ನು ಮುದ್ದಿ ಮಾಡಿ ಎಸೆಯಬೇಡಿರಿ. ಒಣಗುವಾಗ ಅದು ತಾನೇ ಕಾಯುತ್ತದೆ, ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳಬಹುದು. ಬಯಲಲ್ಲಿ ಒಂದೊಂದೇ ಹರವಿ ಒಣಗಿಸಿ, ಇಲ್ಲವೆ ನೀರಲ್ಲಿ ನೆನೆಹಾಕಿ. ಡೀಸೆಲ್ಲಿನ ಅರಿವಿಯೂ ಅಷ್ಟೇ, ಕಣಕಿ ಬಣವಿಯಿಂದ ದೂರ ಇರಲಿ.