ಅಂಕಗಳ ತಕ್ಕಡಿ

ಒಂದು ಪಂದ್ಯದಲ್ಲಿ ಯಾರು ಮೊದಲಿಗರೆಂದು ತಿಳಿಯುವುದು ಸುಲಭ. ಗೆರೆಯನ್ನು ಮೊದಲು ದಾಟಿದವನೇ ಗೆದ್ದವನು. ಆದರೆ ವರ್ಷದಲ್ಲಿ ಹಲವು ದೇಶಗಳ ರಸ್ತೆಗಳಲ್ಲಿ ನಡೆಯುವ ಹಲವು ಬಗೆಯ ಪಂದ್ಯಗಳನ್ನು ಒಟ್ಟಿಗೆ ಎಣಿಸಿ, ಸವಾರರಲ್ಲಿ ಶ್ರೇಷ್ಠನು ಯಾರೆಂದು ನಿರ್ಣಯಿಸುವುದು ಹೇಗೆ? ಯುರೋಪಿನ ವೃತ್ತಿಪರ ಬೈಸಿಕಲ್ ಸವಾರರ ಜಗತ್ತನ್ನು ಈ ಪ್ರಶ್ನೆ ಮುಕ್ಕಾಲು ಶತಮಾನದಿಂದ ಕಾಡುತ್ತಿದೆ.

ತೊಡಕಿನ ಮೂಲವು ಈ ಪಂದ್ಯಗಳ ಹುಟ್ಟಿನಲ್ಲಿಯೇ ಇದೆ. ಇವುಗಳಲ್ಲಿ ಹಲವನ್ನು ಆರಂಭಿಸಿದವರು ಪತ್ರಿಕೆಗಳ ಒಡೆಯರು ಮತ್ತು ಸಂಪಾದಕರು. ಅವರ ಮುಖ್ಯ ಉದ್ದೇಶ ಪತ್ರಿಕೆಯ ಮಾರಾಟ. 1903ರಲ್ಲಿ ಆನ್ರಿ ದೆಗ್ರಾಂಜ್ ಸಂಪಾದಕನಾಗಿದ್ದ 'ಲೋತೊ' ಪತ್ರಿಕೆ ಫ್ರಾನ್ಸನ್ನು ಸುತ್ತುವ 'ಟೂರ್ ಡಿ ಫ್ರಾನ್ಸ್' ಪಂದ್ಯವನ್ನು ಆರಂಭಿಸಿತು. 1909ರಲ್ಲಿ 'ಗಜೆಟ್ಟಾ ಡೆಲ್ಲೊ ಸ್ಪೋರ್ಟ್' ಪತ್ರಿಕೆ ಇಟಲಿಯಲ್ಲಿ ಅಂಥದೇ ಪಂದ್ಯವನ್ನು ಹೂಡಿತು. ಇಂದು ಇವೆರಡೂ ಪರ್ವತಗಳನ್ನೇರಿ ಇಳಿಯುತ್ತ ಮೂರು ವಾರ ನಡೆಯುವ ಪಂದ್ಯಗಳು. ಪ್ಯಾರಿಸ್–ರೂಬೆ ಪಂದ್ಯವಾದರೋ ಒಂದೇ ದಿನದ್ದು. ಹಾಸುಗಲ್ಲಿನ ದಾರಿಯಲ್ಲಿ ಮೈಮೂಳೆಗಳೆಲ್ಲ ಅದುರುವಂತೆ ಸಾಗಬೇಕು. ಹಗುರ ಮೈಯ ಸವಾರ ಬೆಟ್ಟದಲ್ಲಿ ಗೆದ್ದರೆ, ಹಾಸುಗಲ್ಲಿನ ಮೇಲೆ ಬಲವಾದ ಮೈಕಟ್ಟಿನವನದೇ ಮೇಲುಗೈ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಮೊದಲು ತಕ್ಕಡಿ ಹಿಡಿದವರೂ ಪತ್ರಿಕೆಯವರೇ. ಫ್ರಾನ್ಸ್, ಇಟಲಿ ಮತ್ತು ಬೆಲ್ಜಿಯಂ ದೇಶಗಳ ಪತ್ರಿಕೆಗಳು ಒಂದಾಗಿ 1948ರಲ್ಲಿ 'ದೆಗ್ರಾಂಜ್–ಕೊಲಂಬೊ' ಎಂಬ ಸ್ಪರ್ಧಾಸರಣಿಯನ್ನು ಏರ್ಪಡಿಸಿದವು. ದೊಡ್ಡ ಪಂದ್ಯಗಳಲ್ಲಿ ಗಳಿಸಿದ ಸ್ಥಾನಗಳಿಗೆ ಅಂಕಗಳನ್ನು ಕೊಟ್ಟು, ವರ್ಷದ ಕೊನೆಯಲ್ಲಿ ಕೂಡಿಸುವುದು ಅದರ ಕ್ರಮ. ಇದು 1958ರವರೆಗೆ ನಡೆಯಿತು. ಆಮೇಲೆ ಈ ಕೆಲಸ ಫ್ರಾನ್ಸಿನ ಮದ್ಯ ತಯಾರಕರಾದ ಪೆರ್ನೊ ಸಂಸ್ಥೆಯ ಪಾಲಿಗೆ ಬಂದಿತು. ಅದರ ಹೆಸರಿನ ಪ್ರಶಸ್ತಿಯನ್ನು ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1969ರಿಂದ 1975ರವರೆಗೆ ಏಳು ವರ್ಷ ಬಿಡದೆ ಗೆದ್ದುಕೊಂಡನು. ಮದ್ಯದ ಜಾಹೀರಾತನ್ನು ಫ್ರಾನ್ಸಿನ ಕಾನೂನು ನಿರ್ಬಂಧಿಸಿದುದರಿಂದ 1987ರಲ್ಲಿ ಆ ಪ್ರಶಸ್ತಿಯೂ ನಿಂತುಹೋಯಿತು. ಸವಾರರ ಶ್ರೇಷ್ಠತೆಯನ್ನು ಅಳೆಯುವ ಸಾಧನವೊಂದು ಹೀಗೆ ಜಾಹೀರಾತಿನೊಡನೆ ಅಳಿದುದು ವಿಚಿತ್ರವೇ ಸರಿ.

ಈ ನಡುವೆ, 1984ರಲ್ಲಿ, ವೃತ್ತಿಪರ ಸವಾರರ ಅಂತಾರಾಷ್ಟ್ರೀಯ ಒಕ್ಕೂಟವೇ ಅಂಕಪಟ್ಟಿಯೊಂದನ್ನು ಹೊರತಂದಿತ್ತು. ಅದರಲ್ಲಿ ಮೊದಲು ಅಗ್ರಸ್ಥಾನ ಪಡೆದವನು ಐರ್ಲೆಂಡಿನ ಷಾನ್ ಕೆಲಿ. 1989ರಲ್ಲಿ ಒಂದು ದಿನದ ಪಂದ್ಯಗಳಿಗಾಗಿಯೇ ವಿಶ್ವಕಪ್ ಸರಣಿ ಮೊದಲಾಯಿತು. ಮೊದಲ ವರ್ಷ ಅದನ್ನು ಗೆದ್ದವನೂ ಕೆಲಿಯೇ. ಮೂರು ವಾರಗಳ ಪಂದ್ಯಗಳನ್ನು ಹೊರಗಿಟ್ಟದ್ದರಿಂದ ತಕ್ಕಡಿಯ ಕೆಲಸ ಸ್ವಲ್ಪ ಹಗುರವಾಯಿತೆನ್ನಬಹುದು.

2005ರಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಎಲ್ಲವನ್ನೂ ಒಂದೇ ಸೂರಿನಡಿ ತರಲು 'ಪ್ರೊಟೂರ್' ವ್ಯವಸ್ಥೆಯನ್ನು ರಚಿಸಿತು. ಪರವಾನಗಿ ಪಡೆದ ತಂಡಗಳು ಸರಣಿಯ ಎಲ್ಲ ಪಂದ್ಯಗಳಲ್ಲಿಯೂ ಭಾಗವಹಿಸಬೇಕೆಂಬುದು ನಿಯಮ. ಪಂದ್ಯಗಳ ಒಡೆಯರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ನಮ್ಮ ಪಂದ್ಯಕ್ಕೆ ಯಾರನ್ನು ಕರೆಯಬೇಕೆಂಬುದನ್ನು ಅನ್ಯರು ನಿರ್ಧರಿಸುವುದೇಕೆ ಎಂಬುದು ಅವರ ವಾದ. ಜಗಳ ಬಲಿತು, 2008ರ ಪ್ಯಾರಿಸ್–ನೀಸ್ ಪಂದ್ಯವು ಒಕ್ಕೂಟದ ಆಡಳಿತದ ಹೊರಗೆ, ಫ್ರಾನ್ಸಿನ ರಾಷ್ಟ್ರೀಯ ಸಂಸ್ಥೆಯ ಆಶ್ರಯದಲ್ಲಿ ನಡೆಯಿತು. ಕೊನೆಗೆ 2011ರಲ್ಲಿ 'ವರ್ಲ್ಡ್ ಟೂರ್' ಎಂಬ ಹೆಸರಿನಲ್ಲಿ ವ್ಯವಸ್ಥೆ ಒಂದು ನೆಲೆಗೆ ಬಂದಿತು.

ಅಂಕಗಳು ತಂಡಗಳ ಅನ್ನದ ಪ್ರಶ್ನೆಯೂ ಆದದ್ದು ಆಮೇಲೆ. 2020ರಿಂದ 2022ರವರೆಗಿನ ಮೂರು ವರ್ಷಗಳ ಅಂಕಗಳನ್ನು ಕೂಡಿಸಿ, ಮೇಲಿನ ದರ್ಜೆಯ 18 ಸ್ಥಾನಗಳನ್ನು ಹಂಚಲಾಯಿತು. ದರ್ಜೆ ತಪ್ಪಿದರೆ ಟೂರ್ ಡಿ ಫ್ರಾನ್ಸಿಗೆ ಖಚಿತ ಪ್ರವೇಶವಿಲ್ಲ. ಪ್ರವೇಶವಿಲ್ಲದ ತಂಡಕ್ಕೆ ಹಣ ಕೊಡುವವರು ದೊರೆಯುವುದು ಕಷ್ಟ. ಆಗಿನ ಲೆಕ್ಕದಂತೆ ಟೂರ್ ಡಿ ಫ್ರಾನ್ಸಿನ ಒಂದು ದಿನದ ಹಂತವನ್ನು ಗೆದ್ದವನಿಗೆ 120 ಅಂಕ. ಹೆಚ್ಚು ಜನಕ್ಕೆ ತಿಳಿಯದ ಒಂದು ಸಣ್ಣ ಪಂದ್ಯವನ್ನು ಗೆದ್ದವನಿಗೆ 125! ಕೆಳಗೆ ಬೀಳುವ ಭಯವಿದ್ದ ತಂಡಗಳು ತಮ್ಮ ಉತ್ತಮ ಸವಾರರನ್ನು ಸಣ್ಣ ಪಂದ್ಯಗಳಿಗೆ ಅಟ್ಟಿದುದರಲ್ಲಿ ಆಶ್ಚರ್ಯವೇನು? ಆದರೂ ಬೆಲ್ಜಿಯಂನ ಹಳೆಯ ತಂಡವಾದ ಲೊಟ್ಟೊ ಕೆಳಗಿಳಿಯಿತು. 2023ರಲ್ಲಿ ಒಕ್ಕೂಟವು ಲೆಕ್ಕವನ್ನು ತಿದ್ದಿ, ಟೂರ್ ಡಿ ಫ್ರಾನ್ಸಿನ ಹಂತದ ಗೆಲುವಿಗೆ 210 ಅಂಕಗಳನ್ನೂ ಒಟ್ಟು ಗೆಲುವಿಗೆ 1,000ದ ಬದಲು 1,300 ಅಂಕಗಳನ್ನೂ ಗೊತ್ತುಮಾಡಿತು.